ಯಾರ ಹೆಸರು ಹೇಳಲಿ

ಠಾಕುರ್ಲಿ ಪೂರ್ವದ ಒಂದು ಮನೆ. ಮಾವ ಬೆಟಗೇರಿಯ ಬಾಸೆಲ್ ಮಿಶನ್ ಮನೆತನದವರು, ಸೊಸೆ ಬೀದರ ಕಡೆಯ ಮೆಥೊಡಿಸ್ಟ್ ಮನೆಯಿಂದ ಬಂದವಳು. ಬರುವ ಬುಧವಾರ ಅತ್ತೆಯ ವರ್ಷದ ಸ್ಮರಣೆಯ ಪ್ರಾರ್ಥನೆ ಇದೆ. ಎರಡು ಪಾಲಾಗಿರುವ ಅವರ ಸಭೆಯ ಎರಡೂ ಕಡೆಯವರು ಬರುತ್ತಾರೆ. ವಿಜ್ಞಾಪನೆಯ ಪ್ರಾರ್ಥನೆ ಸೊಸೆಯ ಪಾಲಿಗೆ ಬಂದಿದೆ.

ಸೊಸೆ: ಮಾವಾರ, ಬರದೀನಿ, ಒಮ್ಮೆ ಕೇಳ್ರಿ. ದೇಶಕ್ಕ, ಮಳಿ ಬೆಳಿಗೆ, ಜಡ್ಡಿನ್ಯಾಗ ಇರೋರಿಗೆ, ಊರಾಗ ಉಳದ ಹಿರ್ಯಾರಿಗೆ ಇಲ್ಲೀತನಕ ಸರಾಗ ಬಂತು. ಸಭಾಪಾಲಕರ ಸಾಲಿಗೆ ಬಂದು ಪೆನ್ನು ನಿಂತದ. ನಮ್ಮ ಅಯ್ಯನವರ ಹೆಸರು ಹೇಳಿದ್ರ ಆ ಕಡೆಯವರು ಆಮೆನ್ ಅನ್ನೂದಿಲ್ಲ. ಅವರ ಅಯ್ಯನವರ ಹೆಸರು ಹೇಳಿದ್ರ ನಮ್ಮವರು ಕಣ್ಣು ತೆರದು ನನ್ನ ಮುಖಾ ನೋಡ್ತಾರ. ಅದಕ್ಕ ಎಲ್ಲಾ ಸೇವಕರನ್ನ ಆಶೀರ್ವದಿಸು, ದಾರಿ ತಪ್ಪಿದವರ ಕಣ್ಣು ತೆರಿಸು ಅಂತ ಬರದೀನಿ.

ಮಾವ: ದಾರಿ ತಪ್ಪಿದವರು ಅಂದ್ರ ಯಾರು?

ಸೊಸೆ: ಯಾರಂತ ನಾ ಹೇಳಿಲ್ಲಲ್ರಿ.

ಮಾವ: ಹೇಳೂದೇ ಬ್ಯಾಡ. ಕೂತ ಅಷ್ಟೂ ಮಂದಿಗೆ ಗೊತ್ತಾಗ್ತದ. ಅರ್ಧಾ ಮಂದಿ ಇದು ಅವರಿಗೆ ಅಂತಾರ, ಉಳದ ಅರ್ಧಾ ಮಂದಿ ಇದು ಇವರಿಗೆ ಅಂತಾರ. ಕಣ್ಣು ಮುಚ್ಚಿ, ಕೈ ಮುಗದು, ಒಬ್ಬರನ್ನೊಬ್ಬರು ಚುಚ್ಚಿದಂಗ ಆಗ್ತದವ್ವಾ. ದೇವರಿಗೆ ಹೇಳೋ ಮಾತು ದೇವರಿಗೇ ಹೋಗಬೇಕು, ಬಾಜೂ ಕುರ್ಚಿಗೆ ಹೋಗಬಾರದು.

ಸೊಸೆ: ಹಂಗಾದ್ರ ಆ ಸಾಲು ಹೊಡದು ಹಾಕ್ತೀನಿ. ಬರೇ ಎಲ್ಲಾ ಸೇವಕರು ಅಂತ ಇಡ್ತೀನಿ. ಯಾರಿಗೂ ನೋವಿಲ್ಲ. ಹೆಸರು ಯಾಕ ಬೇಕು? ದೇವರಿಗೆ ಹೆಸರು ಗೊತ್ತಿಲ್ಲೇನು?

ಮಾವ: ದೇವರಿಗೆ ಗೊತ್ತದ. ನಮ್ಮ ಬಾಯಿಗೆ ಗೊತ್ತಿರಬೇಕಲ್ಲ. ನಮ್ಮ ಎದುರು ಮನಿ ಮಲಯಾಳಿ ಅಕ್ಕಾರನ್ನ ಕೇಳು. ಅವರದು ಸುರಿಯಾನಿ ಸಂಪ್ರದಾಯ. ಅವರ ಕುರ್ಬಾನಾ, ಅಂದ್ರ ಪ್ರಭುಭೋಜನದ ಆರಾಧನೆಯೊಳಗ ತುಬ್ದೇನ್ ಅಂತ ಆರು ಸ್ಮರಣೆ ಅವ. ಮೊದಲನೇದು ಬದುಕಿರೋ ಸಭಾಪಿತೃಗಳ ಸಲುವಾಗಿ. ಯಾಕೋಬಾ ಕಡೆಯವರು ಅಲ್ಲೆ ಅಂತಿಯೋಕ್ಯದ ಪಿತೃಪ್ರಧಾನರ ಹೆಸರು ಹೇಳ್ತಾರ, ಆರ್ಥೊಡಾಕ್ಸ್ ಕಡೆಯವರು ಕೋಟ್ಟಯಂನ ಕಾತೋಲಿಕೋಸರ ಹೆಸರು ಹೇಳ್ತಾರ. ಅದೇ ರಾಗ, ಅದೇ ಧೂಪ, ಅದೇ ವಿಶ್ವಾಸ ಪ್ರಮಾಣ. ಕಣ್ಣು ಮುಚ್ಚಿ ಕೂತ ಪರಸ್ಥಳದ ಮನಷ್ಯಾಗ ಫರಕು ತಿಳಿಯೋದು ಆ ಒಂದು ಹೆಸರಿನ್ಯಾಗ. ನೂರು ವರ್ಷಕ್ಕಿಂತ ಹೆಚ್ಚು ಕೋರ್ಟು ಕಚೇರಿ ಆದವು. ಕಡೀಕ 2017ರ ಜುಲೈ 3ಕ್ಕ ಸುಪ್ರೀಂ ಕೋರ್ಟು 1934ರ ಸಭಾ ಸಂವಿಧಾನದ ಪ್ರಕಾರನೇ ಎಲ್ಲಾ ಚರ್ಚು ನಡೀಬೇಕು ಅಂತ ತೀರ್ಪು ಕೊಟ್ಟಿತು. ಆರ್ಥೊಡಾಕ್ಸ್ ಕಡೆಯವರಿಗೆ ಕೀಲಿಕೈ ಬಂತು, ಯಾಕೋಬಾ ಕಡೆಯವರು ತಲಿತಲಾಂತರದಿಂದ ಪ್ರಾರ್ಥನಾ ಮಾಡಿದ ಚರ್ಚಿನ ಹೊರಗ ನಿಂತರು. ಸತ್ತವರನ್ನ ಹೂಳಾಕ ಸೈತ ಜಗಳ. ಹೆಣಾ ಇಟಗೊಂಡು ಸ್ಮಶಾನದ ಗೇಟಿನ ಮುಂದ ಕಾಯೋ ಪರಿಸ್ಥಿತಿ ಬಂತು. ಅಪ್ಪ ಅಮ್ಮ ಇರೋ ಮಣ್ಣಿನ್ಯಾಗ ಮಕ್ಕಳನ್ನ ಹೂಳಾಕ ತಡೀಬಾರದು ಅಂತ 2020ರಾಗ ಕೇರಳ ಸರ್ಕಾರ ಒಂದು ಕಾಯಿದೇನೇ ತರಬೇಕಾತು.

ಸೊಸೆ: ಹೂಳಾಕ ಕಾಯಿದೆ...

ಮಾವ: ಹೌದವ್ವಾ. ಹಳೇ ಕಾಲದಿಂದನೂ ಇದು ಹಿಂಗ. ಸಭೆ ಒಡೀತು ಅಂತ ಮೊದಲು ತಿಳಿಯೋದು ಪ್ರಾರ್ಥನಾದ ಪಟ್ಟಿಯೊಳಗ. ಕಾನ್‌ಸ್ಟಾಂಟಿನೋಪಲ್‌ದಾಗ ರೋಮಿನ ಪೋಪರ ಹೆಸರು ಓದೂದು ಬಿಟ್ಟರು. ಆಮ್ಯಾಲೆ 1054ರಾಗ ಒಬ್ಬರಿಗೊಬ್ಬರು ಬಹಿಷ್ಕಾರ ಹಾಕಿಕೊಂಡರು. ಅದನ್ನ ಎರಡೂ ಕಡೆಯವರು ವಾಪಸ್ ತಗೊಂಡದ್ದು 1965ರ ಡಿಸೆಂಬರ್ 7ಕ್ಕ. ಒಂಬೈನೂರಾ ಹನ್ನೊಂದು ವರ್ಷ. ಅದಕ್ಕ ಹೇಳ್ತೀನಿ, ಹೆಸರು ಸಣ್ಣ ಮಾತಲ್ಲ. ಎಲ್ಲಾ ಸೇವಕರು ಅನ್ನೋದು ಸುಳ್ಳಲ್ಲ, ಆದ್ರ ಅದರಾಗ ಯಾರೂ ಇಲ್ಲ. ಆ ಎಲ್ಲಾರೊಳಗ ನನಗ ಬ್ಯಾಡಾದ ಮನಷ್ಯಾ ಅದಾನೋ ಇಲ್ಲೋ, ನಾನೂ ನೋಡೂದಿಲ್ಲ, ಯಾರೂ ನೋಡೂದಿಲ್ಲ.

ಸೊಸೆ: ಇಲ್ಲೇ ಕಲ್ಯಾಣ್‌ದಾಗೂ ಮಲಯಾಳಿ ಕ್ಯಾಥೊಲಿಕರಿಗೆ ಬ್ಯಾರೆ ಬಿಷಪ್ಪರು ಇದ್ದಾರಲ್ರಿ. ಅದೂ ಒಡಕೇನು?

ಮಾವ: ಅಲ್ಲ, ಅದು ಒಡಕಲ್ಲ. ಕೇರಳದಿಂದ ಬಂದ ಸೀರೋ ಮಲಬಾರ್ ಮಂದಿಗೆ ಅವರ ಪದ್ಧತಿಯೊಳಗ ಪೂಜಾ ಸಿಗಲಿ ಅಂತ 1988ರಾಗ ಕಲ್ಯಾಣ್ ಧರ್ಮಪ್ರಾಂತ ಮಾಡಿದ್ರು. ಪೋಪರು ಒಬ್ಬರೇ. ಆದ್ರ ಅವರ ಸಭೆಯೊಳಗೂ 2021ರಾಗ ತಳಮಳ ಎದ್ದಿತು. ಬಲಿಪೂಜೆ ಮಾಡುವಾಗ ಗುರುಗಳು ಮಂದಿ ಕಡೆ ಮುಖಾ ಮಾಡಬೇಕೋ, ಪೀಠದ ಕಡೆ ಮಾಡಬೇಕೋ ಅಂತ. ಎರ್ನಾಕುಲಂದಾಗ ದೊಡ್ಡ ಚರ್ಚಿಗೆ ಬೀಗ ಬಿತ್ತು. ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸ್ತದ. ನನಗ ಹಂಗ ಅನ್ನಸೂದಿಲ್ಲ. ಹುಟ್ಟಿದಾಗಿಂದ ನೋಡಿದ ಮುಖಾ ಒಮ್ಮೆಗೇ ಹಿಂದಕ ತಿರುಗಿದ್ರ ಮನಷ್ಯಾಗ ನೋವಾಗ್ತದ. ಎರಡೂ ಕಡೆಯವರಿಗೆ ಭಕ್ತಿ ಇರೋದರಿಂದನೇ ಈ ಜಗಳ ಇಷ್ಟು ಕಠಿಣ.

ಸೊಸೆ: ನಮ್ಮದು ಭಕ್ತಿ ಜಗಳ ಅಲ್ರಿ ಮಾವಾರ. ನಮ್ಮದು ನೇಮಕದ ಜಗಳ, ಲೆಕ್ಕದ ಜಗಳ. ನಿಮಗೂ ಗೊತ್ತದ. ನಾ ಬಾಯಿ ಬಿಟ್ಟು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಸಭೆಯೊಳಗ ಯಾರರೆ ಲೆಕ್ಕ ಕೇಳಿದ್ರ ಮೊದಲು ಬರೋ ಉತ್ತರ ಏನು? ಟೀಕಾ ಮಾಡಬ್ಯಾಡ್ರಿ, ಪ್ರಾರ್ಥನಾ ಮಾಡ್ರಿ. ದೇವರ ಅಭಿಷಿಕ್ತನ ಮ್ಯಾಲೆ ಮಾತಾಡಬ್ಯಾಡ್ರಿ. ಪ್ರಾರ್ಥನಾ ಅನ್ನೋ ಮಾತು ಬಾಯಿ ಮುಚ್ಚಸೋ ಬಟ್ಟಿ ಆಗ್ಯದ. ಅದನ್ನ ನನ್ನ ಬಾಯಿಂದನೇ ಹೇಳಸ್ತೀರೇನು?

ಮಾವ: ಸಿಟ್ಟಿಲ್ಲ. ನೀ ಹೇಳಿದ್ದು ಖರೇ ಅದ. ಹಂಗ ಹೇಳೋರು ಪ್ರಾರ್ಥನಾಕ್ಕೇ ಅನ್ಯಾಯ ಮಾಡ್ತಾರ. ಪೌಲ ಅಂತಿಯೋಕ್ಯದಾಗ ಪೇತ್ರನ್ನ ಎಲ್ಲಾರ ಮುಂದ ಎದುರಿಸಿ ನಿಂತ. ಪೇತ್ರ ಅಂದ್ರ ಸಣ್ಣ ಮನಷ್ಯಾನೇನು? ಆ ಪೌಲನೇ ತನ್ನ ಪತ್ರದಾಗ ಮತ್ತ ಮತ್ತ ಕೇಳ್ತಾನ, ನನ್ನ ಸಲುವಾಗಿ ಪ್ರಾರ್ಥಿಸ್ರಿ ಅಂತ. ಎರಡೂ ಒಬ್ಬನೊಳಗ ಇದ್ದವು. ಲೆಕ್ಕ ಕೇಳೂದು ಸಭೆಯ ಕೆಲಸ, ಕಮಿಟಿ ಮೀಟಿಂಗಿನ ಕೆಲಸ. ಅದನ್ನ ಬಿಡಬಾರದು. ಲೆಕ್ಕ ಕೇಳೂದು ಬಿಟ್ಟದ್ದಕ್ಕನೇ ಕೋರ್ಟಿನವರು ಕೇಳೂವಂಗ ಆತು. 2024ರಾಗ ನಮ್ಮ ಇಡೀ ದಕ್ಷಿಣ ಭಾರತ ಸಭೆ, ಸಿಎಸ್‌ಐದ ಆಡಳಿತ ನೋಡಾಕ ಮದ್ರಾಸ್ ಹೈಕೋರ್ಟು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನ ನೇಮಿಸಬೇಕಾತಲ್ಲ, ಆ ಸುದ್ದಿ ಓದಿದ ದಿನಾ ನನಗ ಊಟಾ ಸೇರಲಿಲ್ಲ.

ಸೊಸೆ: ಅವತ್ತು ನೀವು ಬಾಲ್ಕನಿಯೊಳಗ ಕೂತಿದ್ರಿ. ಕರದ್ರೂ ಬರಲಿಲ್ಲ.

ಮಾವ: 1947ರ ನೆನಪಾಗಿತ್ತು. ನಾ ಆವಾಗ ಹುಟ್ಟಿರಲಿಲ್ಲ, ನಮ್ಮಪ್ಪ ಹೇಳ್ತಿದ್ದ. ಸೆಪ್ಟೆಂಬರ್ 27, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್. ಆಂಗ್ಲಿಕನ್ನರು, ಮೆಥೊಡಿಸ್ಟರು, ಸೌತ್ ಇಂಡಿಯಾ ಯುನೈಟೆಡ್ ಚರ್ಚಿನವರು ಒಂದಾಗಿ ಸಿಎಸ್‌ಐ ಆತು. ದೇಶ ಎರಡಾಗಿ ರಕ್ತ ಹರಿಯೋ ಹೊತ್ತಿನ್ಯಾಗ ಸಭೆ ಒಂದಾತು. ಆ ಮಾತು ಶುರು ಆಗಿದ್ದು 1919ರ ಮೇ ತಿಂಗಳದಾಗ, ತರಂಗಂಬಾಡಿಯೊಳಗ. ಕರದವರೊಳಗ ಮುಖ್ಯ ಮನಷ್ಯಾ ಅಜರಯ್ಯ. 1912ರಾಗ ಬಿಷಪ್ ಆದವರು, ಆಂಗ್ಲಿಕನ್ನರೊಳಗ ಮೊದಲನೇ ಭಾರತೀಯ ಬಿಷಪ್. ಇಪ್ಪತ್ತೆಂಟು ವರ್ಷ ಮಾತುಕತಿ ನಡೀತು. ಅವರು 1945ರ ಜನವರಿ 1ಕ್ಕ ದೋರ್ನಕಲ್‌ದಾಗ ತೀರಿಕೊಂಡರು. ಕೂಡೂದನ್ನ ನೋಡಲಿಲ್ಲ.

ಸೊಸೆ: ಇಪ್ಪತ್ತೆಂಟು ವರ್ಷ ಏನು ಮಾತಾಡಿದ್ರು?

ಮಾವ: ಬಿಷಪ್ಪರು ಬೇಕೋ ಬ್ಯಾಡೋ ಅಂತ. ಆಂಗ್ಲಿಕನ್ನರಿಗೆ ಬಿಷಪ್ ತಲಿ ಮ್ಯಾಲೆ ಕೈ ಇಡದಿದ್ರ ದೀಕ್ಷಾ ಆಗೂದಿಲ್ಲ. ಉಳದವರಿಗೆ ಬಿಷಪ್ ಅಂದ್ರ ಇಂಗ್ಲೆಂಡಿನ ದರ್ಬಾರು ಅನ್ನೋ ಭಯ. ನಿನ್ನ ಅಯ್ಯನವರು ಅಯ್ಯನವರೇ ಅಲ್ಲ ಅನ್ನೋ ಮಾತು ಎದ್ದಿತ್ತು ನೋಡು. ಈಗ ನಮ್ಮ ಸಭೆಯೊಳಗ ಎದ್ದದ್ದೂ ಅದೇ ಮಾತಲ್ಲೇನು? ಆಗಿನವರು ಏನು ಮಾಡಿದ್ರು ಕೇಳು. ಇಲ್ಲೀತನಕ ದೀಕ್ಷಾ ಆದ ಎಲ್ಲಾರೂ ಸೇವಕರೇ, ಇನ್ನು ಮುಂದ ಆಗೋರಿಗೆ ಬಿಷಪ್ಪರು ಕೈ ಇಡ್ತಾರ ಅಂದರು. ಮೂವತ್ತು ವರ್ಷದ ಗಡುವು ಇಟ್ಟರು. ಜೋಡಿಗೆ ಒಂದು ಪ್ರತಿಜ್ಞೆ: ಯಾವ ಸಭೆಗೂ ಅದರ ಮನಸ್ಸಾಕ್ಷಿ ಒಪ್ಪದ ಸೇವಕನನ್ನ ಹೇರೂದಿಲ್ಲ. ಆ ಪ್ರತಿಜ್ಞೆ ನನಗ ಭಾಳ ಸೇರ್ತದ. ಗೆದ್ದವರು ಸೋತವರಿಗೆ ಕೊಟ್ಟದ್ದಲ್ಲ ಅದು. ಗೆಲ್ಲಬಾರದು ಅಂತ ಎರಡೂ ಕಡೆಯವರು ತಮಗ ತಾವೇ ಹಾಕಿಕೊಂಡ ಕಟ್ಟು.

ಸೊಸೆ: ಎಲ್ಲಾರೂ ಒಪ್ಪಿದ್ರೇನು?

ಮಾವ: ಎಲ್ಲಿ ಒಪ್ಪಿದ್ರು? ಬಳ್ಳಾರಿ ದಾಟಿದ್ರ ನಂದ್ಯಾಲ. ಅಲ್ಲಿನ ಆಂಗ್ಲಿಕನ್ ಸಭೆಗಳು ಬರಲಿಲ್ಲ. ಬಂದದ್ದು 1975ರಾಗ. ಇಪ್ಪತ್ತೆಂಟು ವರ್ಷ ಬಾಗಿಲ ತೆರದೇ ಇತ್ತು. ಇನ್ನ ನಿಮ್ಮವರು... 

ಸೊಸೆ: ನಮ್ಮವರ ಕಥಿ ನನಗ ಗೊತ್ತದ. ನಾಗಪುರ, 1970ರ ನವೆಂಬರ್ 29. ಉತ್ತರ ಭಾರತದ ಸಭೆಗಳು ಕೂಡಿ ಸಿಎನ್‌ಐ ಆದ ದಿನಾ. ಅದಕ್ಕ ಮೂರು ತಿಂಗಳ ಮೊದಲು, ಆಗಸ್ಟ್‌ದಾಗ, ನಮ್ಮ ಪಂಗಡದ ಮೆಥೊಡಿಸ್ಟರು, 1947ರಾಗ ಕೂಡಿದವರಲ್ಲ, ಬರೂದಿಲ್ಲ ಅಂದುಬಿಟ್ಟರು. ಅಷ್ಟೂ ವರ್ಷ ಮಾತುಕತಿಯೊಳಗ ಕೂತಿದ್ದವರು. ನಮ್ಮ ಅಜ್ಜ ಸಾಯೂತನಕ ಅದು ಛಲೋ ಆತೋ ಕೆಟ್ಟಾತೋ ಅಂತ ಒಬ್ಬನೇ ವಾದ ಮಾಡ್ತಿದ್ದ. ಅದಕ್ಕ ಇವತ್ತಿಗೂ ಬೀದರ, ಬೆಳಗಾವಿ, ಕೋಲಾರದಾಗ ನಾವು ಬ್ಯಾರೆ, ಧಾರವಾಡ ಹುಬ್ಬಳ್ಳಿಯೊಳಗ ನೀವು ಬ್ಯಾರೆ. ಈ ಕಡೆ ಬಂದ್ರೂ ನಮ್ಮ ಕನ್ನಡ ಸಭೆ ಬ್ಯಾರೆ, ನಿಮ್ಮ ಕನ್ನಡ ಸಭೆ ಬ್ಯಾರೆ. ಲೋಕಲ್‌ದಾಗ ಒಂದೇ ಡಬ್ಬಿಯೊಳಗ ಕೂತು, ಇಳದು, ಎರಡು ದಿಕ್ಕಿಗೆ ಹೋಗ್ತೀವಿ.

ಮಾವ: ಆದ್ರ ಅಯ್ಯನವರಾಗೋರು ಬಲ್ಮಠದಾಗ ಒಂದೇ ಕಾಲೇಜಿನ್ಯಾಗ ಓದ್ತಾರ. ನಿಮ್ಮ ಅಯ್ಯನವರೂ ನಮ್ಮ ಅಯ್ಯನವರೂ ಮಂಗಳೂರಿನ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಒಂದೇ ಮೆಸ್ಸಿನ ಅನ್ನ ಉಂಡವರು. ನಿನ್ನ ಲಗ್ನದಾಗ ಇಬ್ಬರೂ ನಿಂತು ಪ್ರಾರ್ಥನಾ ಮಾಡಿದ್ರಲ್ಲ, ಒಬ್ಬರು ಮರತ ಸಾಲು ಇನ್ನೊಬ್ಬರು ಹೇಳಿಕೊಟ್ಟರು. ನಿಮ್ಮತ್ತಿ ಅದನ್ನ ಎಷ್ಟು ಸಲ ನೆನಸ್ತಿದ್ಲು.

ಸೊಸೆ: ಅತ್ತಿಯಾರು ಇದ್ದಿದ್ರ ಈ ಹಾಳಿ ಬೇಕೇ ಆಗ್ತಿರಲಿಲ್ಲ. ಅವರು ಬರದು ಪ್ರಾರ್ಥನಾ ಮಾಡಿದ್ದು ನಾ ನೋಡೇ ಇಲ್ಲ. ಎರಡೂ ಕಡೆಯ ಅಯ್ಯನವರ ಹೆಸರೂ ಹೇಳ್ತಿದ್ರಂತ, ಹೌದೇನು?

ಮಾವ: ಹೇಳ್ತಿದ್ಲು. ಮೊದಲನೇ ಸಲ ಸಭೆಯೊಳಗ ಗದ್ದಲ ಆದಾಗನೂ ಹೇಳ್ತಿದ್ಲು. ನಾ ಹೇಳ್ತಿರಲಿಲ್ಲ.

ಸೊಸೆ: ನೀವು?

ಮಾವ: ನಾನೇ. ನಾಲ್ಕು ವರ್ಷ. ಆಗ ನಾ ಕೆಲಸ ಮಾಡ್ತಿದ್ದ ರೈಲ್ವೆದ ಚೋಳಾ ಪವರ್‌ಹೌಸ್ ಮುಚ್ಚಿ ನನ್ನನ್ನ ಕುರ್ಲಾ ಕಾರ್‌ಶೆಡ್‌ಗೆ ಹಾಕಿದ್ರು. ಒಬ್ಬ ಅಯ್ಯನವರು ನನಗ ಮಂದಿ ಮುಂದ ಒಂದು ಮಾತು ಅಂದಿದ್ರು. ಏನಂತ ಈಗ ಹೇಳೂದಿಲ್ಲ, ಅವರು ಈಗ ಇಲ್ಲ. ರವಿವಾರ ವಿಜ್ಞಾಪನೆಯೊಳಗ ಅವರ ಹೆಸರು ಬಂದಾಗ ನಾ ಬಾಯಿ ಮುಚ್ಚತಿದ್ದೆ. ಆಮೆನ್ ಅಂತಿರಲಿಲ್ಲ. ಮನಿಯೊಳಗ ನಿಮ್ಮತ್ತಿ ಆ ಹೆಸರು ತಗದ್ರ ಎದ್ದು ನೀರು ಕುಡಿಯಾಕ ಹೋಗ್ತಿದ್ದೆ. ದೇವರ ಮುಂದ ಕಪಟ ಮಾಡಬಾರದು, ಅದಕ್ಕ ಸುಮ್ಮನಿರ್ತೀನಿ ಅಂತ ನನ್ನ ಸಮಾಧಾನ. ಆದ್ರ ಠಾಕುರ್ಲಿಯಿಂದ ಕುರ್ಲಾತನಕ ಸ್ಲೋ ಲೋಕಲ್‌ದಾಗ ನಿಂತು ನಾ ಮಾತಾಡ್ತಿದ್ದದ್ದು ಯಾರ ಜೋಡಿ? ಆ ಮನಷ್ಯಾನ ಜೋಡೀನೇ. ಮುಂಬ್ರಾ ಬಂದ್ರೂ ಅವರಿಗೆ ಉತ್ತರ ಕೊಡ್ತಿದ್ದೆ, ಠಾಣೆ ದಾಟಿದ್ರೂ ಕೊಡ್ತಿದ್ದೆ. ಸಂಜಿಕ ವಾಪಸ್ ಬರುವಾಗ ಮತ್ತ ಶುರು. ಹೆಸರನ್ನ ನಾಲಿಗಿ ಮ್ಯಾಲಿಂದ ತಗದಿದ್ದೆ, ತಲಿಯಿಂದ ತಗದಿರಲಿಲ್ಲ. ದಿನಕ್ಕ ಎರಡು ತಾಸು ನಾ ಅವರನ್ನ ನೆನಸ್ತಿದ್ದೆ, ಬೈಯಾಕ. ಎರಡು ನಿಮಿಷ ದೇವರ ಮುಂದ ನೆನಸಾಕ ಮಾತ್ರ ನನಗ ಕಪಟ ಅನ್ನಿಸ್ತಿತ್ತು.

ಸೊಸೆ: ಆಮ್ಯಾಲೆ ಹೆಂಗ ಬಾಯಿ ಬಂತು?

ಮಾವ: ಒಂದು ದಿನಾ ನಿಮ್ಮತ್ತಿ ಆ ಅಯ್ಯನವರ ಮಗಳ ಪರೀಕ್ಷಾದ ಸಲುವಾಗಿ ಪ್ರಾರ್ಥನಾ ಮಾಡಿದ್ಲು. ವರ್ಷದ ನಡುವ ವರ್ಗಾ ಆಗಿ, ಹುಡುಗಿ ಸಾಲಿ ಬದಲಿ ಮಾಡಿ, ಮರಾಠಿ ಬರದೇ ಹತ್ತನೇತ್ತೆ ಪರೀಕ್ಷಾಕ್ಕ ಕೂತಿದ್ಲು. ನನಗ ಅವರಿಗೆ ಮಗಳು ಅದಾಳ ಅನ್ನೋದೇ ಮರತಿತ್ತು. ಅವತ್ತು ಆಮೆನ್ ಅಂದೆ. ಹುಡುಗಿ ಸಲುವಾಗಿ ಅಂದೆ. ಅಪ್ಪನ ಹೆಸರು ಬರೋ ಹೊತ್ತಿಗೆ ಇನ್ನೂ ಕೆಲವು ತಿಂಗಳ ಆತು. ಅವರು ಅಂದದ್ದು ಸರಿ ಅಂತ ನಾ ಇವತ್ತಿಗೂ ಒಪ್ಪಿಲ್ಲ.

ಸೊಸೆ: ಅಂದ್ರ, ಪ್ರಾರ್ಥನಾ ಮಾಡಿದ್ರ ಒಪ್ಪಿದಂಗಲ್ಲ ಅಂತೀರಿ.

ಮಾವ: ಅಲ್ಲಾ, ನೀ ಡಾಕ್ಟರ್ ಹತ್ತರ ಒಬ್ಬರನ್ನ ಕರಕೊಂಡು ಹೋದ್ರ ಅವರು ಆರಾಮ ಅದಾರ ಅಂತ ಸರ್ಟಿಫಿಕೇಟು ಕೊಟ್ಟಂಗೇನು?

ಸೊಸೆ: ಅದು ಒಪ್ಪಿದೆ. ಆದ್ರ ನನ್ನ ಮಾತೂ ಕೇಳ್ರಿ. ಬುಧವಾರ ಬರೋರೊಳಗ ಒಬ್ಬಾಕಿ ಅದಾಳ. ಆಕಿ ಗಂಡಗ ಪ್ರಭುಭೋಜನ ಕೊಡಲಿಲ್ಲ, ಆ ಕಡೆ ಸಹಿ ಮಾಡ್ಯಾನ ಅಂತ. ಕೊಡದೇ ಇದ್ದವರ ಹೆಸರನ್ನ ನಾ ಆಕಿ ಮುಂದ ಹೇಳಿ, ಆಕಿ ಬಾಯಿಂದ ಆಮೆನ್ ಅನ್ನಸ್ಲೇನು? ಅದು ನ್ಯಾಯ ಅಲ್ಲ. ನಿಮ್ಮ ನಾಲ್ಕು ವರ್ಷ ನಿಮಗ ಸಿಕ್ಕಿದ್ವು. ಆಕಿಗೆ ನಾಲ್ಕು ತಿಂಗಳೂ ಆಗಿಲ್ಲ.

ಮಾವ: ...ಇದು ನಾ ವಿಚಾರ ಮಾಡಿರಲಿಲ್ಲವ್ವಾ.

ಸೊಸೆ: ಅದಕ್ಕ ನನಗ ಅನ್ನಿಸ್ತದ, ಆಕಿ ಗಂಡನ ಹೆಸರೂ ಹೇಳಬೇಕು. ಮೊದಲು ಆತನ ಹೆಸರು. ಪೀಠದಿಂದ ವಾಪಸ್ ಬಂದವನನ್ನ ನೆನಸಿ, ಆಮ್ಯಾಲೆ ಕೊಡದವರನ್ನ. ಇಲ್ಲಂದ್ರ ನಾವು ಬರೇ ದೊಡ್ಡವರ ಸಲುವಾಗಿ ಪ್ರಾರ್ಥಿಸಿದಂಗ ಆಗ್ತದ, ಅವರಿಂದ ನೊಂದವರನ್ನ ಹಿಂದ ಬಿಟ್ಟಂಗ ಆಗ್ತದ. ಆಕಿ ಆಮೆನ್ ಅನ್ನದಿದ್ರೂ ನಡೀತದ. ಆಕಿ ಸಲುವಾಗಿ ನಾನೇ ಅಂತೀನಿ.

ಮಾವ: ಬರಿ. ಹಂಗೇ ಬರಿ. ಇದು ನಿಮ್ಮತ್ತಿಗೂ ಹೊಳೀತಿರಲಿಲ್ಲ.

ಸೊಸೆ: ಇನ್ನ ಬೇಡಿಕೋಬೇಕಾದ್ದು ಏನು? ಕಣ್ಣು ತೆರಿಸು ಅನ್ನೂದಂತೂ ಬ್ಯಾಡ.

ಮಾವ: ನಮಗ ನಾವು ಏನು ಬೇಡ್ತೀವೋ ಅದನ್ನೇ. ರಾತ್ರಿ ನಿದ್ದಿ. ಬಿಪಿ ಶುಗರ್ ಹತೋಟಿ. ಲೆಕ್ಕದ ಪುಸ್ತಕ ತೆರದು ಇಡೋ ಧೈರ್ಯ. ನಾ ತಪ್ಪಿದೆ ಅಂತ ಮಂದಿ ಮುಂದ ಹೇಳಾಕ ಒಂದು ಬಾಯಿ, ಅದು ಎಲ್ಲಕ್ಕಿಂತ ಕಠಿಣ. ಹೊಗಳೋರ ಗುಂಪಿನಿಂದ ಬಿಡುಗಡೆ. ಮನ್ಯಾಗ ಮಕ್ಕಳು ಈ ಜಗಳಾ ನೋಡಿ ದೇವರನ್ನೇ ಬಿಡದಂಗ ಕಾಯಿ ಅಂತ. ಸಭಾಪಾಲಕರ ಮಕ್ಕಳು ಕೇಳೋ ಮಾತು ನಾವು ಕೇಳಿರೂದಿಲ್ಲ.

ಸೊಸೆ: ಸಭೆ ಕೂಡಲಿ ಅಂತ ಬ್ಯಾಡೇನು?

ಮಾವ: ಬೇಡು. ಆದ್ರ ತಾರೀಖು ಹಾಕಬ್ಯಾಡ. ಪೌಲ ಬಾರ್ನಬ ಮಾರ್ಕನ ಸಲುವಾಗಿ ಜಗಳಾಡಿ ಬ್ಯಾರೆ ಬ್ಯಾರೆ ದಾರಿ ಹಿಡದ್ರು. ಎಷ್ಟೋ ವರ್ಷದ ಮ್ಯಾಲೆ ಸೆರಿಮನಿಯಿಂದ ಪೌಲ ಮಾರ್ಕನ್ನ ಕರಕೊಂಡು ಬಾ ಅಂತ ಬರೀತಾನ. ನಡುವ ಏನಾತು ಅಂತ ಯಾರೂ ಬರದಿಲ್ಲ.

ಸೊಸೆ: ಪ್ರಾರ್ಥನಾ ಮುಗದ ಮ್ಯಾಲೆ ಸಮಾಧಾನ ಕೊಡೂದು ಇಟಗೊಳ್ಳೋಣೇನು? ನಮ್ಮ ಕಡೆ ಅದು ನಿಮ್ಮಂಗ ಇರಲಿಲ್ಲ. ಲಗ್ನಾಗಿ ಬಂದ ಹೊಸದಾಗಿ ನೋಡಿ ನನಗ ಕಣ್ಣಾಗ ನೀರು ಬಂದಿತ್ತು.

ಮಾವ: ಅದು 1950ರ ಸಿಎಸ್‌ಐ ಪ್ರಭುಭೋಜನದ ಕ್ರಮದಾಗ ಬಂದದ್ದು. ನಮ್ಮ ನಾಡಿನ ಸುರಿಯಾನಿ ಕ್ರೈಸ್ತರಿಂದ ತಗೊಂಡದ್ದು. ಕೊಡೋರು ತಮ್ಮ ಬಲ ಅಂಗೈಯನ್ನ ತಗೊಳ್ಳೋರ ಬಲ ಅಂಗೈಗೆ ಹಚ್ಚಬೇಕು, ಇಬ್ಬರೂ ತಮ್ಮ ಎಡಗೈಯನ್ನ ಇನ್ನೊಬ್ಬರ ಬಲಗೈ ಮ್ಯಾಲೆ ಮುಚ್ಚಬೇಕು. ಪೀಠದಿಂದ ಶುರುವಾಗಿ ಸಾಲಿಂದ ಸಾಲಿಗೆ ಕೈಯಿಂದ ಕೈಗೆ ಬರ್ತದ. ಬಾಜೂದಾಗ ಯಾರು ಕೂತಿರ್ತಾರೋ ಅವರಿಗೇ ಕೊಡಬೇಕು, ಆರಿಸಾಕ ಬರೂದಿಲ್ಲ. ಮನಿ ಪ್ರಾರ್ಥನಾದಾಗ ಬ್ಯಾಡ, ಅದಕ್ಕ ಅದರ ಜಾಗಾ ಅದ. ಬುಧವಾರ ಚಹಾ ಕೊಡು, ಸಾಕು. ಕುರ್ಚಿ ಮಾತ್ರ ಗುಂಪು ಗುಂಪಾಗಿ ಇಡಬ್ಯಾಡ.

ಸೊಸೆ: ಈಗ ಒಂದು ಉಳೀತು. ನಮ್ಮ ಅಯ್ಯನವರಿಗೆ ರೆವರೆಂಡ್ ಅಂತ ಬರದೀನಿ. ಅವರಿಗೆ ಬರೀಲೇನು? ನಮ್ಮವರು ಅವರನ್ನ ಅಯ್ಯನವರೇ ಅಲ್ಲ ಅಂತಾರಲ್ಲ. ರೆವರೆಂಡ್ ಅಂದ್ರ ಒಂದು ಕಡೆ ಹಿಡದಂಗ, ಬಿಟ್ಟರ ಇನ್ನೊಂದು ಕಡೆ.

ಮಾವ: ಇಬ್ಬರದೂ ತಗಿ. ಬಿಷಪ್ಪರ ಸಲುವಾಗಿ ಪ್ರಾರ್ಥಿಸುವಾಗ ಹಳೇ ಕ್ರಮದಾಗೂ ಪದವಿ ಹೇಳಿ ಮುಂದ ಮನೆತನ ಹೇಳೂದಿಲ್ಲ, ದೀಕ್ಷಾಸ್ನಾನದ ಹೆಸರು ಒಂದೇ. ನಿನ್ನ ಸೇವಕ ಅನ್ನು, ಹೆಸರು ಹೇಳು. ಅಪ್ಪ ಅಮ್ಮ ಕೂಸಿನ ಮ್ಯಾಲೆ ನೀರು ಹಾಕಿಸಿದಾಗ ಇಟ್ಟ ಹೆಸರಿಗೆ ಯಾವ ಗುಂಪೂ ತಕರಾರು ಮಾಡೂದಿಲ್ಲ.

ಸೊಸೆ: ನಮ್ಮವರದು ಗೊತ್ತದ. ಅವರದು... ಮಾವಾರ, ಅವರದು ಎರಡು ಇನಿಷಿಯಲ್, ಮ್ಯಾಲೆ ಮನೆತನದ ಹೆಸರು. ನೋಟೀಸಿನ ಮ್ಯಾಲೂ ಅಷ್ಟೇ, ಕೋರ್ಟಿನ ಕಾಗದದಾಗೂ ಅಷ್ಟೇ. ಮೊದಲನೇ ಅಕ್ಷರ ಏನು?

ಮಾವ: ನನಗೂ ಗೊತ್ತಿಲ್ಲ. ಎಷ್ಟು ವರ್ಷ ಆತು ಅವರು ಬಂದು?

ಸೊಸೆ: ಆರು. ನಮ್ಮ ಸಣ್ಣವನಿಗೆ ದೀಕ್ಷಾಸ್ನಾನ ಮಾಡಿಸಿದ್ದು ಅವರೇ. ಇವನ ಹೆಸರು ಅವರು ಮೂರು ಸಲ ಕೇಳಿ, ಅರ್ಥಾನೂ ಕೇಳಿ, ಪುಸ್ತಕದಾಗ ಬರಕೊಂಡಿದ್ರು.

ಮಾವ: ಆ ಅಯ್ಯನವರ ಮನಿ ಅಮ್ಮಾವ್ರ ನಂಬರ್ ನಿನ್ನ ಹತ್ತರ ಅದ ಏನು?

ಸೊಸೆ: ಅದ. ಕ್ವಾಯರ್‌ದಾಗ ಕೂಡಿ ಹಾಡ್ತಿದ್ವಿ. ಈಸ್ಟರ್ ಆದ ಮ್ಯಾಲೆ ಮಾತಾಡಿಲ್ಲ.

ಮಾವ: ಈಗ ಒಂಬತ್ತು ಗಂಟೆ. ಮನ್ಯಾಗ ಇರ್ತಾರ.

ಸೊಸೆ: ಎತ್ತದಿದ್ರ?

ಮಾವ: ನಾ ಇಲ್ಲೇ ಕೂತಿರ್ತೀನಿ.

ಸೊಸೆ: ರಿಂಗ್ ಆಗಾಕತ್ತದ... ಹಲೋ, ಅಮ್ಮಾವ್ರ? ನಾನ್ರೀ, ಠಾಕುರ್ಲಿಯಿಂದ. ಹೌದ್ರಿ, ಆರಾಮ ಅದೀವಿ. ಬುಧವಾರ ನಮ್ಮತ್ತಿಯವರ ಪ್ರಾರ್ಥನಾ ಅದ. ಅದಕ್ಕ ಒಂದು ಮಾತು ಕೇಳೂದಿತ್ತು. ಅಯ್ಯನವರ ಪೂರ್ತಿ ಹೆಸರು ಏನ್ರೀ?